ಇರುವೆ ಮುಟ್ಟದ ಪುಡಿ

ನನ್ನ ಮನೆಗೆ ಯಾವ ಡಬ್ಬಿ ಬರಲಿ, ಯಾವ ಪೊಟ್ಟಣ ಬರಲಿ, ಅದರೊಳಗಿನ ಒಂದು ಚಿಟಿಕೆ ಮೊದಲು ಹಿತ್ತಲಿನ ಇರುವೆಗಳಿಗೆ ಹೋಗುತ್ತದೆ. ಆಮೇಲೆ ಮನೆಮಂದಿಗೆ. ಮೊಮ್ಮಕ್ಕಳು ನಗುತ್ತವೆ. "ಅಜ್ಜಿ, ಬಿಸ್ಕೀಟು ಪಾಸಾತೋ ನಾಪಾಸಾತೋ?" ಎಂದು ಕೇಳುತ್ತವೆ. ನಗಲಿ ಬಿಡಿ, ಹಲ್ಲಿದ್ದವರು ನಗುತ್ತಾರೆ. ಸೊಸೆ ಮಾತ್ರ ನಗುವುದಿಲ್ಲ. ಅತ್ತೆಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ನೆರೆಮನೆಯವರ ಹತ್ತಿರ ಹೇಳಿಕೊಂಡಿದ್ದಾಳೆ. ಖರೇ ಮಾತು. ನಾನು ಸಂಶಯದ ಹೆಂಗಸೇ. ಆದರೆ ಯುದ್ಧಕಾಲದ ಒಂದು ಚಳಿಗಾಲದಲ್ಲಿ ಆ ಸಂಶಯ ಹೋಗಬೇಕಾದ ಕಡೆ ಹೋಗದೆ, ಹೋಗಬಾರದ ಕಡೆ ಹೋಗಿ ಕೂತಿತು. ಅದರಿಂದ ನನ್ನ ಮಗಳು ನನ್ನ ತೊಡೆಯ ಮೇಲೆಯೇ ಸಾಯುವುದರಲ್ಲಿದ್ದಳು. ಅವಳಿಗೆ ಉಣಿಸುತ್ತಿದ್ದವಳು ನಾನೇ.

ನಾನು ಹುಬ್ಬಳ್ಳಿ ಕಮರಿಪೇಟೆಯ ಹುಡುಗಿ. ಮದುವೆಯಾಗಿ ಧಾರವಾಡಕ್ಕೆ ಬಂದೆ. ಗಂಡ ಕನ್ನಡ ಸಾಲಿಯ ಮಾಸ್ತರರು, ಮೆತ್ತನೆಯ ಮನುಷ್ಯ, ಹೆಂಡತಿ ಮತ್ತು ತಾಯಿ ಒಂದೇ ಕೋಣೆಯಲ್ಲಿದ್ದರೆ ತಾವು ಕಟ್ಟೆಯ ಮೇಲೆ ಹೋಗಿ ಕೂಡುವವರು. ಅತ್ತೆ ವಿಧವೆ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ, ಬಾಯಲ್ಲಿ ಮಾತು ಕಡಿಮೆ. ಮಾತು ಕಡಿಮೆಯಿದ್ದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಒಳಗೆ ಏನು ಇಟ್ಟುಕೊಂಡಿದ್ದಾರೋ ಎಂದು ತಲೆ ಕೆಡುತ್ತದೆ.

ಈ ಮಗಳಿಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ಅವನು ಹುಟ್ಟಿದ ವರ್ಷ ಅತ್ತೆ ಕುಸುರೆಳ್ಳಿನ ಒಡವೆ ಮಾಡಿದ್ದರು. ನಮ್ಮ ಕಡೆ ಸಂಕ್ರಾಂತಿಯ ಮರುದಿನ ಕರಿ. ಆ ದಿನ ಕೂಸಿಗೆ ಕುಸುರೆಳ್ಳಿನ ಸರ, ಬಳೆ, ಕಿರೀಟ ತೊಡಿಸಿ, ನೆತ್ತಿಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಂಡು, ಚುರಮರಿ ಸುರಿಯುತ್ತಾರೆ. ಕರಿ ಎರೆಯುವುದು ಎನ್ನುತ್ತಾರೆ. ಆ ಕುಸುರೆಳ್ಳು ಮಾಡುವುದೆಂದರೆ ಸುಮ್ಮನಲ್ಲ. ಕೆಂಡದ ಮೇಲೆ ಹಿತ್ತಾಳೆ ಪರಾತ, ಅದರಲ್ಲಿ ಎಳ್ಳು, ಅದರ ಮೇಲೆ ಒಂದೊಂದೇ ಚಮಚ ಸಕ್ಕರೆ ಪಾಕ. ಬರಿಯ ಬೆರಳಿನಿಂದ ಸವರುತ್ತ ಕೂಡಬೇಕು. ದಿನಗಟ್ಟಲೆ ಸವರಿದರೆ ಎಳ್ಳಿನ ಸುತ್ತ ಸಕ್ಕರೆ ಏರಿ ಬಿಳಿ ಮುಳ್ಳು ಬರುತ್ತದೆ. ಬೆರಳ ತುದಿ ಸುಟ್ಟು ಬೊಬ್ಬೆ ಏಳುತ್ತದೆ. ಅತ್ತೆ ಪಡಸಾಲೆಯಲ್ಲೇ ಕೂತು ಮಾಡಿದರು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು, ಭಲೇ ಎಂದರು. ಸಂಕ್ರಾಂತಿಗೆ ಎಂಟು ದಿನ ಇರುವಾಗ ಮಗನಿಗೆ ವಾಂತಿಭೇದಿ ಶುರುವಾಯಿತು. ಮೂರನೆಯ ದಿನಕ್ಕೆ ಹೋಗಿಬಿಟ್ಟ. ಐದು ತಿಂಗಳ ಕೂಸು. ಕೆಟ್ಟ ಹಾಲಿನಿಂದ ಎಂದರು ಡಾಕ್ಟರು. ಹದಿನೈದು ದಿನ ನಾನು ಹಾಸಿಗೆಯಿಂದ ಏಳಲಿಲ್ಲ. ಎದ್ದ ದಿನ ಹಿತ್ತಲಿಗೆ ಹೋದರೆ ನುಗ್ಗಿ ಗಿಡದ ಬುಡದಲ್ಲಿ, ಇರುವೆಯ ಗೂಡಿನ ಬಾಯಲ್ಲಿ, ಒಂದು ಹರಿದ ದಾರ ಬಿದ್ದಿತ್ತು. ಅತ್ತೆ ಆ ಒಡವೆಗಳನ್ನು ಇರುವೆಗಳಿಗೆ ಹಾಕಿದ್ದರು.

ಅಂದಿನಿಂದ ನನಗೆ ಹಾಲಿನ ಮೇಲೆ ಸಂಶಯ. ಗವಳಿಗಿತ್ತಿ ತಂಬಿಗೆ ಇಳಿಸಿದರೆ ಸಾಕು, ಅವಳ ಉಗುರು ನೋಡುತ್ತಿದ್ದೆ, ತಂಬಿಗೆಯ ತಳ ಮೂಸುತ್ತಿದ್ದೆ. ಆಕೆ ಒಂದು ದಿನ ರೇಗಿ, "ಅಕ್ಕಾರ, ಎಮ್ಮಿನ ಕರಕೊಂಡು ಬರತೀನಿ, ಅದರ ಬಾಯೀನೂ ಮೂಸಿ ಬಿಡ್ರಿ" ಎಂದಳು. ನಾನು ಬಿಡಲಿಲ್ಲ.

ಮಗಳು ಹುಟ್ಟಿದ್ದು ಮೂರು ವರ್ಷದ ಮೇಲೆ. ಆಗ ಯುದ್ಧ ಜೋರಾಗಿತ್ತು. ಅಕ್ಕಿ, ಸೀಮೆಎಣ್ಣೆ, ಸಕ್ಕರೆ ಎಲ್ಲ ರೇಶನ್ ಕಾರ್ಡಿಗೆ ಬಿದ್ದವು. ಸಕ್ಕರೆಯಂತೂ ವಾರಕ್ಕೊಮ್ಮೆ ಸೋಮವಾರ, ಸರತಿಯಲ್ಲಿ ನಿಂತು ತರಬೇಕು. ಕೂಸಿಗೆ ಮೂರು ತಿಂಗಳಾಗಿರುವಾಗ ನನಗೆ ವಿಷಮಜ್ವರ ಬಂತು. ಎದ್ದೆ, ಆದರೆ ಎದೆಯ ಹಾಲು ಬತ್ತಿತು. ಸಿಕ್ಕರೆ ದಿನಕ್ಕೆ ಒಂದೆರಡು ಗುಟುಕು.

"ಆಕಳ ಹಾಲಿಗೆ ನೀರು ಹಾಕಿ, ಕಾಸಿ, ಚೂರು ಸಕ್ಕರಿ ಹಾಕಿ ಕೊಡೂಣು" ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. "ಒಂದನ್ನ ಹಾಲು ಕುಡಿಸಿ ಕಳಕೊಂಡೇನಿ. ಇದನ್ನೂ ಕಳಕೊಳ್ಳಲೇನು?" ಎಂದೆ.

ಹಾಗೆ ನಾನು ಡಬ್ಬಿಯ ಹಾದಿ ಹಿಡಿದೆ. ತವರಿಗೆ ಹೋದಾಗ ಹುಬ್ಬಳ್ಳಿಯ ಪೇಟೆಯ ಸಂದಿಯೊಂದರಲ್ಲಿ, ಹೆಸರಿನ ಹಲಗೆಯೂ ಇಲ್ಲದ ಅಂಗಡಿಯಲ್ಲಿ, ಪರದೇಶದ ಹಾಲಿನ ಪುಡಿ ಇನ್ನೂ ಸಿಗುತ್ತದೆ ಎಂದು ಕೇಳಿ ಹೋದೆ. ದುಂಡಗಿನ ಡಬ್ಬಿ, ಮೇಲೆ ಗಲ್ಲ ಉಬ್ಬಿದ ಕೂಸಿನ ಚಿತ್ರ. ಅಂಗಡಿಯವನು ಎಷ್ಟು ಮೆತ್ತಗೆ ಮಾತಾಡಿದ! "ನಮ್ಮೂರ ಹೆಣ್ಣಮಗಳು ನೀ. ಧಾರವಾಡದವ್ರು ಬರೇ ಪುಸ್ತಕ ಓದತಾರ, ಮಾಲು ಹುಬ್ಬಳ್ಯಾಗ ಸಿಗತೈತಿ ನೋಡು ತಂಗಿ" ಎಂದ. ಊರ ಅಭಿಮಾನ ಎಂಥ ಕೆಟ್ಟದ್ದು ನೋಡಿ. ಗವಳಿಗಿತ್ತಿಯ ಉಗುರು ನೋಡುವ ನಾನು ಅವನ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಮೊದಲಿನ ಎರಡು ಡಬ್ಬಿ ಒಳ್ಳೆಯವೇ ಇದ್ದವು, ಸುಳ್ಳು ಹೇಳಬಾರದು. ಕೂಸು ತುಂಬಿಕೊಂಡಿತು. ತೊಡೆಯಲ್ಲಿ ಮಡಿಕೆ ಬಿದ್ದವು. ನಾನು ಅತ್ತೆಯ ಎದುರಿಗೇ ಕೂಸನ್ನು ಎತ್ತೆತ್ತಿ ಆಡಿಸುತ್ತಿದ್ದೆ, ನೋಡಿಕೊಳ್ಳಲಿ ಎಂದು.

ದೀಪಾವಳಿಯ ಮೇಲೆ ಗಂಡ ತರತೊಡಗಿದ ಡಬ್ಬಿಗಳ ಪುಡಿ ಬೇರೆ ಥರ ಇತ್ತು. ಮೊದಲಿನದು ತುಸು ಹಳದಿ, ಇದು ಸುಣ್ಣದಂತೆ ಬಿಳಿ. ಮುಚ್ಚಳದ ಬೆಸುಗೆ ಎರಡು ಸಲ ಹಾಕಿದ ಹಾಗೆ ಗಂಟುಗಂಟಾಗಿತ್ತು. ನಾಲಿಗೆಯ ಮೇಲೆ ಇಟ್ಟೆ. ಎಂಥ ಸಿಹಿ! ಸಕ್ಕರೆಯೂ ಅಷ್ಟು ಸಿಹಿ ಇರುವುದಿಲ್ಲ. ಒಂದು ಗಳಿಗೆ ಬಿಟ್ಟು ಗಂಟಲಲ್ಲಿ ಕಹಿ ಉಳಿಯಿತು, ಹಿತ್ತಾಳೆ ನೆಕ್ಕಿದ ಹಾಗೆ. ಔಷಧದ ಗುಣ ಇರಬೇಕು ಅಂದುಕೊಂಡೆ. ಅಂಗಡಿಯವನೂ ಗಂಡನಿಗೆ ಹೇಳಿ ಕಳಿಸಿದ್ದ: ಲಡಾಯಿಯಿಂದ ಕಂಪನಿ ಬದಲಾಗಿದೆ, ಮೊದಲಿನದಕ್ಕಿಂತ ಕಸುವು ಹೆಚ್ಚು ಎಂದು. ಊರಿಗೆ ಊರೇ ಸಕ್ಕರೆ ಇಲ್ಲದೆ ಬೆಲ್ಲದ ಚಹಾ ಕುಡಿಯುವಾಗ ಈ ಡಬ್ಬಿಗೆ ಇಷ್ಟು ಸಿಹಿ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಕೂಸು ಚಪ್ಪರಿಸಿ ಚಪ್ಪರಿಸಿ ಕುಡಿಯಿತು. ತಾಯಿಗೆ ಅದಕ್ಕಿಂತ ಹೆಚ್ಚು ಏನು ಬೇಕು?

ಅತ್ತೆ ಒಮ್ಮೆ ಡಬ್ಬಿ ಎತ್ತಿ, ತಿರುಗಿಸಿ ನೋಡಿ, "ಮುಚ್ಚಿದ ಡಬ್ಬ್ಯಾಗ ಏನೈತೋ ಯಾರು ಕಂಡಾರವಾ" ಎಂದು ಇಟ್ಟರು.

"ನಿಮ್ಮ ಬೀಗದ ಕ್ವಾಣ್ಯಾಗ ಏನೈತೋ ಅದೂ ಯಾರೂ ಕಂಡಿಲ್ಲ ಬಿಡ್ರಿ" ಎಂದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಕಾಲ ಅದು.

ಆ ಮಾತು ಸುಮ್ಮನೆ ಬಂದದ್ದಲ್ಲ. ಆಗಲೇ ನನಗೆ ಸಕ್ಕರೆಯ ಸಂಶಯ ಹತ್ತಿತ್ತು. ಸೋಮವಾರ ತಂದ ಸಕ್ಕರೆ ಶುಕ್ರವಾರಕ್ಕೆ ತಳ ಕಾಣುತ್ತಿತ್ತು. ನಾನು ಚಹಾಕ್ಕೆ ಒಂದು ಚಮಚ, ಗಂಡ ಒಂದು ಚಮಚ. ಅತ್ತೆಯಂತೂ ಬೆಲ್ಲದ ಚಹಾ ಕುಡಿಯುತ್ತಿದ್ದರು, ಅದನ್ನೇ ನನಗೆ ಕಾಣುವ ಹಾಗೆ ಕುಡಿಯುತ್ತಿದ್ದರು ಎಂದು ನನ್ನ ಲೆಕ್ಕ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ನಾದಿನಿಯ ಮನೆ ಎರಡೇ ಓಣಿ ಆಚೆ. ಆಕೆಗೆ ನಾಲ್ಕು ಮಕ್ಕಳು. ನನಗೆ ಎಲ್ಲ ತಿಳಿದುಹೋಯಿತು. ನನ್ನ ಮಗಳ ಹೆಸರಿನಲ್ಲಿ ಕಾರ್ಡಿಗೆ ಬರುವ ಸಕ್ಕರೆ ಅವರ ಮಗಳ ಮನೆಗೆ ಹೋಗುತ್ತಿದೆ ಎಂದು ಖಾತ್ರಿ ಮಾಡಿಕೊಂಡೆ.

ಕಳ್ಳತನ ಹಿಡಿಯಲು ನಾನು ಹೂಡಿದ ಆಟ ನೆನೆದರೆ ಈಗ ನಾಚಿಕೆಯಾಗುತ್ತದೆ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಮೇಲ್ಭಾಗವನ್ನು ಸಮ ಮಾಡಿ, ಕಿರುಬೆರಳಿನಿಂದ ಐದು ಎಸಳಿನ ಹೂವು ಬರೆದು ಮುಚ್ಚಿಟ್ಟೆ. ಯಾರಾದರೂ ಚಮಚ ಹಾಕಿದರೆ ಹೂವು ಕೆಡಬೇಕಲ್ಲ? ಮರುದಿನ ತೆಗೆದು ನೋಡಿದೆ. ಹೂವು ಹಾಗೇ ಇತ್ತು. ಆದರೆ ಸಕ್ಕರೆ ಒಂದು ಬೆರಳು ಕೆಳಗೆ ಇಳಿದಿತ್ತು! ಮೂರು ದಿನ ಹೀಗೇ ಆಯಿತು. ಹೂವು ಕೆಡದೆ ಸಕ್ಕರೆ ಹೇಗೆ ಇಳಿಯಿತು? ಮುದುಕಿ ಮಾಟಗಾತಿ ಇರಬೇಕು ಎಂದು ಕೂಡ ಅನ್ನಿಸಿತು.

ಮಧ್ಯಾಹ್ನ ನಾನು ಕೂಸಿನ ಜೊತೆ ಅಡ್ಡಾದಾಗ ಅತ್ತೆ ತಮ್ಮ ಕೋಣೆಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಿದ್ದರು. ಬಾಗಿಲ ಸಂದಿಯಿಂದ ಇದ್ದಲಿಯ ವಾಸನೆ, ಒಳಗೆ ಸರಸರ ಎಂಬ ಸಪ್ಪಳ. ನನ್ನ ಕಿವಿ ನೆಟ್ಟಗಾಗುತ್ತಿದ್ದವು. ಒಳಗೆ ಉಂಡಿ ಕಟ್ಟುತ್ತಿದ್ದಾರೆ, ಸಂಜೆಗೆ ಮಗಳ ಮನೆಗೆ ಒಯ್ಯುತ್ತಾರೆ ಎಂದು ಹಲ್ಲು ಕಡಿಯುತ್ತಿದ್ದೆ.

ಅಷ್ಟರಲ್ಲಿ ಕೂಸು ಇಳಿಯತೊಡಗಿತು. ಹೊಟ್ಟೆ ತುಂಬ ಕುಡಿಯುತ್ತಿತ್ತು, ಆದರೆ ಮೈಗೆ ಹತ್ತುತ್ತಿರಲಿಲ್ಲ. ತೊಡೆಯ ಮಡಿಕೆ ಹೋಗಿ ತೊಗಲು ಜೋತುಬಿತ್ತು. ಹೊಟ್ಟೆ ಮಾತ್ರ ಉಬ್ಬಿತು. ಆರು ತಿಂಗಳಿಗೆ ಕೂಡಬೇಕಾದ ಕೂಸು ಏಳಕ್ಕೂ ಕತ್ತು ಚೆಲ್ಲುತ್ತಿತ್ತು. ಅಳುವುದನ್ನೂ ಕಡಿಮೆ ಮಾಡಿತು. ಅದೇ ನನಗೆ ಹೆಚ್ಚು ಹೆದರಿಕೆ. ಪೇಟೆಯ ಡಾಕ್ಟರರ ಹತ್ತಿರ ಒಯ್ದೆವು. ವಯಸ್ಸಾದ ಒಳ್ಳೆಯ ಮನುಷ್ಯ.

"ಹಾಲು ಕುಡೀತೈತೇನವಾ?" ಎಂದು ಕೇಳಿದರು.

"ಹೊಟ್ಟಿ ತುಂಬ ಕುಡೀತೈತ್ರಿ. ಪರದೇಶದ ಡಬ್ಬಿ ಹಾಲು" ಎಂದೆ, ಆಗಲೂ ಜಂಬದಿಂದ.

ಹಾಗಾದರೆ ಜಂತು ಇರಬಹುದು ಎಂದು ಔಷಧ ಕೊಟ್ಟರು. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ನಾದಿನಿಯ ಕಣ್ಣು ಬಿದ್ದಿದೆ ಎಂದು ಮೆಣಸಿನಕಾಯಿ ನಿವಾಳಿಸಿದೆ. ನೀರಿನ ಮೇಲೆ ಸಂಶಯಪಟ್ಟು ಬಾವಿ ಬದಲಿಸಿದೆ. ಅತ್ತೆ ಕೂಸನ್ನು ಎತ್ತಿಕೊಂಡರೆ ಅವರ ಕೈ ಮೂಸಿ ನೋಡಿದೆ. ಆ ಬೆರಳುಗಳ ತುದಿ ಕೆಂಪಗೆ ಬೆಂದಿದ್ದವು. ಕಂಡೆ, ಆದರೆ ಏಕೆಂದು ಕೇಳಲಿಲ್ಲ. ದಿನಕ್ಕೆ ಐದು ಸಲ ನನ್ನ ಕೈಯಿಂದಲೇ ಪುಡಿ ಕಲಸಿ ಕುಡಿಸುತ್ತಿದ್ದೆ. ಇಡೀ ಮನೆಯಲ್ಲಿ ಆ ಒಂದು ಡಬ್ಬಿಯನ್ನು ಬಿಟ್ಟು ಎಲ್ಲದರ ಮೇಲೂ ನನಗೆ ಸಂಶಯವಿತ್ತು.

ಸಂಕ್ರಾಂತಿಗೆ ಹತ್ತು ದಿನವಿದ್ದಾಗ ನನ್ನ ಬಾಯಿ ಒಡೆಯಿತು. ಗಂಡ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು.

"ನನ್ನ ಕೂಸು ಕಡ್ಡಿ ಆಗಾಕತ್ತೈತಿ. ಅದರ ಪಾಲಿನ ಸಕ್ಕರಿ ಕದ್ದು ಮಗಳ ಮನಿಗೆ ಸಾಗಸ್ತೀರಲ್ಲ, ನಿಮಗ ಶಿವ ಮೆಚ್ಚತಾನೇನು?" ಎಂದೆ.

ಗಂಡನ ಕೈ ತುತ್ತಿನಲ್ಲೇ ನಿಂತಿತು. "ಏನಂತೀ ನೀ? ಅವ್ವಾ, ನೀನರ ಹೇಳ..." ಎಂದರು.

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಸೌಟನ್ನು ಪಾತ್ರೆಯಲ್ಲಿಟ್ಟು, "ಉಣ್ಣಪಾ, ಸಾರು ಆರತೈತಿ" ಎಂದು ಒಳಗೆ ಹೋದರು. ನೋಡಿದಿರಾ, ಉತ್ತರವಿಲ್ಲ ಎಂದು ನಾನು ಗೆದ್ದವಳ ಹಾಗೆ ಕೂತೆ. ಅಂದಿನಿಂದ ಮನೆಯಲ್ಲಿ ಮಾತಿಲ್ಲ.

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಿಗ್ಗೆ, ಅತ್ತೆ ಕೋಣೆಯಿಂದ ಹಿತ್ತಾಳೆಯ ದೊಡ್ಡ ಡಬ್ಬಿಯೊಂದನ್ನು ಎತ್ತಿಕೊಂಡು ಬಂದು ಅಡುಗೆಮನೆಯ ನೆಲದ ಮೇಲೆ ಇಟ್ಟರು. ಮುಚ್ಚಳ ತೆಗೆದರು. ಒಳಗೆ ಕುಸುರೆಳ್ಳಿನ ಸರ, ಎರಡು ಎಳೆಯದು. ಬಳೆ, ಕಾಲ್ಕಡಗ, ನಡುಪಟ್ಟಿ, ಒಂದು ಪುಟ್ಟ ಕಿರೀಟ. ಬೆಳ್ಳಗೆ, ಮುಳ್ಳು ಮುಳ್ಳಾಗಿ, ಒಂದಕ್ಕೊಂದು ತಗಲಿದರೆ ಕಿಣಿಕಿಣಿ ಎನ್ನುವ ಹಾಗೆ.

"ನಾಳಿ ಬಿಟ್ಟು ನಾಡದು ಕರಿ. ನಾ ತೊಡಸಾಕ ಬರೂದಿಲ್ಲ, ಗಂಡ ಇಲ್ಲದಾಕಿ. ನೀನs ತೊಡಸು" ಎಂದರು.

ಸಕ್ಕರೆ ಎಲ್ಲಿ ಹೋಯಿತು ಎಂದು ಕಣ್ಣೆದುರಿಗೇ ಇತ್ತು. ಹಾಗಿದ್ದೂ ನನ್ನ ಹಾಳು ಬುದ್ಧಿ ಸುಮ್ಮನಾಗಲಿಲ್ಲ ನೋಡಿ. ಸಿಕ್ಕಿಬಿದ್ದ ಮೇಲೆ ಇದನ್ನು ಮಾಡಿದರೇನೋ ಎಂದುಕೊಂಡು ಕೂಸಿನ ಪುಡಿ ಕಲಸಲು ಕೂತೆ. ಕಣ್ಣು ಕುಸುರೆಳ್ಳಿನ ಡಬ್ಬಿಯ ಮೇಲೇ ಇತ್ತು. ಪುಡಿ ನೆಲದ ಮೇಲೆ ಚೆಲ್ಲಿತು.

ಚಳಿಗಾಲದಲ್ಲೂ ನಮ್ಮ ಅಡುಗೆಮನೆಯಲ್ಲಿ ಇರುವೆಗಳಿಗೆ ಬಿಡುವಿರಲಿಲ್ಲ. ಗೋಡೆಯ ಬಿರುಕಿನಿಂದ ಒಂದು ಸಾಲು ಹೊರಟಿತು. ನಾನು ಪುಡಿ ಬಳಿಯಲು ಕೈ ಹಾಕಿದೆ.

"ತಡಿ" ಎಂದರು ಅತ್ತೆ. "ಇರುವಿ ನೋಡು."

ಸಾಲು ನೇರ ಬಂದು ಪುಡಿಯ ಅಂಚು ಮುಟ್ಟಿತು, ನಿಂತಿತು, ಬಲಕ್ಕೆ ತಿರುಗಿತು. ಪುಡಿಯ ಸುತ್ತ ಬಳಸಿಕೊಂಡು ಹೋಗಿ ಕುಸುರೆಳ್ಳಿನ ಡಬ್ಬಿ ಹತ್ತಿತು. ಅಷ್ಟು ಸಿಹಿ ಪುಡಿ, ಬಾಗಿಲಿಗೇ ಬಂದು ಬಿದ್ದ ಪುಡಿ, ಒಂದೇ ಒಂದು ಇರುವೆ ಬಾಯಿ ಹಾಕಲಿಲ್ಲ. ಅತ್ತೆ ಒಂದು ಕುಸುರೆಳ್ಳನ್ನು ಜಜ್ಜಿ ಪುಡಿಯ ಪಕ್ಕದಲ್ಲೇ ಇಟ್ಟರು. ನೋಡನೋಡುತ್ತ ಅದು ಕಪ್ಪಗಾಯಿತು. ಪುಡಿ ಬೆಳ್ಳಗೆ ಹಾಗೇ ಇತ್ತು.

"ನೀವು ಏನರ ಹಚ್ಚೀರಿ ನೆಲಕ್ಕ. ಅರಿಷಿಣ ಹಚ್ಚೀರಿ" ಎಂದೆ. ಎಂಥ ಹೆಂಗಸು ನಾನು!

"ಹಂಗಾರ ನೀನs ಬ್ಯಾರೆ ಕಡಿ ಇಟ್ಟು ನೋಡು" ಎಂದರು, ಅಷ್ಟೇ.

ಡಬ್ಬಿ ಕಿತ್ತುಕೊಂಡು ಹಿತ್ತಲಿಗೆ ಓಡಿದೆ. ನುಗ್ಗಿ ಗಿಡದ ಬುಡದಲ್ಲಿ, ಅದೇ ಗೂಡಿನ ಬಾಯಲ್ಲಿ, ನನ್ನ ಕೈಯಾರೆ ಪುಡಿ ಸುರಿದೆ. ಕುಕ್ಕರಗಾಲಲ್ಲಿ ಕೂತು ನೋಡಿದೆ. ಇರುವೆಗಳು ಮೇಲೆ ಬಂದವು. ಮೀಸೆ ಆಡಿಸಿದವು. ಒಂದೊಂದಾಗಿ ಮುಖ ತಿರುಗಿಸಿ ಹೋದವು. ಒಂದು ಕಾಲಕ್ಕೆ ನನ್ನ ಮಗನ ಸರವನ್ನು ಒಂದು ಕಣ ಬಿಡದೆ ತಿಂದ ಇರುವೆಗಳು ಅವು. ಎರಡು ತಿಂಗಳು ನಾನು ಏನನ್ನು ಕುಡಿಸಿದೆ ಎಂಬುದು ಆಗ ತಲೆಗೆ ಏರಿತು. ಅಲ್ಲೇ ಮಣ್ಣಿನಲ್ಲಿ ಕೂತು ಹಣೆ ಚಚ್ಚಿಕೊಂಡೆ.

ಗಂಡ ಸಾಲಿಗೆ ರಜೆ ಹೇಳಿದರು. ನಾವು ಕೂಸು ಮತ್ತು ಡಬ್ಬಿ ಎರಡನ್ನೂ ತೆಗೆದುಕೊಂಡು ಡಾಕ್ಟರರ ಹತ್ತಿರ ಓಡಿದೆವು. ಅವರು ಪುಡಿಯನ್ನು ನೀರಿನಲ್ಲಿ ಕದಡಿ, ಗಾಯಕ್ಕೆ ಹಚ್ಚುವ ಕೆಂಪು ಟಿಂಚರ್ ಅಯೋಡಿನ್ನಿನ ನಾಲ್ಕು ಹನಿ ಬಿಟ್ಟರು. ನೀರು ಮಸಿಯ ಹಾಗೆ ನೀಲಿಯಾಯಿತು. ಡಾಕ್ಟರರ ಮುಖ ಬಿಗಿಯಿತು. ನಾಲಿಗೆಗೆ ಚೂರು ಹಚ್ಚಿಕೊಂಡು ಉಗುಳಿದರು.

"ಹಾಲು ಎಲ್ಲೈತಿ ಇದರಾಗ? ಬರೇ ಹಿಟ್ಟು, ಅದಕ್ಕs ನೀಲಿ ಆತು. ಸಿಹಿ ಆಗ್ಲಿ ಅಂತ ಸ್ಯಾಕರಿನ್ ಬೆರಸ್ಯಾರ. ಚಿಟಿಕಿ ಹಾಕಿದ್ರ ಒಂದು ಹಂಡೆ ನೀರು ಸಿಹಿ ಆಗತೈತಿ. ನಾಲಿಗಿಗೆ ಸಿಹಿ, ಮೈಗೆ ಏನೂ ಇಲ್ಲ. ಕೂಸು ಹೊಟ್ಟಿ ತುಂಬ ಕುಡದು ಉಪವಾಸ ಇದ್ದದ್ದವಾ" ಎಂದರು.

ನಾನು ಕೂಸನ್ನು ಎದೆಗೆ ಒತ್ತಿಕೊಂಡೆ. ಅದು ಪಾಪ ನನ್ನ ಕೊರಳಿನ ಗುಂಡು ಹಿಡಿದು ಚೀಪುತ್ತಿತ್ತು.

"ಇವತ್ತಿಂದs ಆಕಳ ಹಾಲು. ಮೂರು ಉಕ್ಕು ಕಾಸ್ರಿ, ನೀರು ಬೆರಸ್ರಿ, ಸಕ್ಕರಿ ಹಾಕ್ರಿ. ಸ್ವಲ್ಪ ಸ್ವಲ್ಪ, ಘಳಿಗಿಗೊಮ್ಮೆ. ಕುಡದ್ರ ಉಳೀತು" ಎಂದರು.

ಮನೆಗೆ ಬಂದು ಹಾಲು ಕಾಸಿದೆ, ಮೂರು ಉಕ್ಕು ಬರುವವರೆಗೆ ಒಲೆಯ ಮುಂದಿನಿಂದ ಕದಲಲಿಲ್ಲ. ಸಕ್ಕರೆ ಡಬ್ಬಿ ತೆಗೆದರೆ ತಳದಲ್ಲಿ ನಾಲ್ಕು ಕಣ; ಈ ಸೋಮವಾರ ತಂದದ್ದೆಲ್ಲ ಕಿರೀಟಕ್ಕೇ ಹೋಗಿತ್ತು. ಮುಂದಿನ ಸೋಮವಾರಕ್ಕೆ ಇನ್ನೂ ಐದು ದಿನ. ಓಣಿಯಲ್ಲಿ ಕೇಳೋಣವೆಂದರೆ ಹಬ್ಬದ ಮುಂದೆ ಯಾರ ಮನೆಯಲ್ಲಿತ್ತು ಸಕ್ಕರೆ? ನಾನು ಖಾಲಿ ಡಬ್ಬಿ ಹಿಡಿದು ನಿಂತಿದ್ದೆ. ಅತ್ತೆ ನೆಲದ ಮೇಲೆ ಕೂತು, ಹಿತ್ತಾಳೆಯ ಡಬ್ಬಿಯಿಂದ ಸರ ತೆಗೆದು, ಗಂಟು ಹುಡುಕಿ, ದಾರ ಬಿಚ್ಚಿದರು.

"ಅತ್ತಿ, ಬ್ಯಾಡ್ರಿ" ಎಂದೆ. ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮೆತ್ತನೆಯ ಮಾತು.

ಅವರು ಒಂದೊಂದೇ ಕುಸುರೆಳ್ಳನ್ನು ದಾರದಿಂದ ಜಾರಿಸಿ ಬಿಸಿ ಹಾಲಿಗೆ ಹಾಕಿದರು. ಮುಳ್ಳು ಕರಗಿದವು. ಎಳ್ಳು ತಳಕ್ಕೆ ಕೂತವು. ಅರಿವೆಯಲ್ಲಿ ಸೋಸಿ, ಒಳಲೆಗೆ ತುಂಬಿ, ಕೂಸಿನ ತುಟಿಗೆ ಹಚ್ಚಿದೆ.

ಕೂಸು ಮುಖ ಸಿಂಡರಿಸಿ ಉಗುಳಿತು. ಮತ್ತೆ ಹಚ್ಚಿದೆ, ಮತ್ತೆ ಉಗುಳಿತು. ಆ ಸುಡುಗಾಡು ಸಿಹಿಗೆ ಒಗ್ಗಿದ ನಾಲಿಗೆಗೆ ನಿಜವಾದ ಸಕ್ಕರೆ ಸಪ್ಪೆಯಾಗಿತ್ತು. ಮೂಗು ಹಿಡಿದು ನಾಲ್ಕು ಹನಿ ಇಳಿಸಿದರೆ ಎರಡು ಹನಿ ಹೊರಗೆ ಬರುತ್ತಿದ್ದವು. ಭೋಗಿ ಹೀಗೆ ಹೋಯಿತು, ಸಂಕ್ರಾಂತಿಯೂ ಹೀಗೇ ಹೋಯಿತು. ಕಣ್ಣು ಗುಳಿಬಿದ್ದವು.

ಕರಿಯ ದಿನ ಮುಂಜಾನೆ ಮೊದಲೇ ಕರೆದಿದ್ದ ಹೆಂಗಸರು ಬಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಮಣೆಯ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತೆ. ಮೈಮೇಲೆ ಒಂದು ಒಡವೆಯೂ ಇಲ್ಲ; ಕಿರೀಟ ಬಿಟ್ಟು ಉಳಿದದ್ದೆಲ್ಲ ಹಾಲಿಗೆ ಹೋಗಿತ್ತು, ಕಿರೀಟವನ್ನೂ ಹಾಲಿಗೆಂದೇ ಎತ್ತಿಟ್ಟಿದ್ದೆವು. ನಾಲ್ಕು ಬಾರಿಹಣ್ಣು, ಒಂದು ಹಿಡಿ ಚುರಮರಿ ಸುರಿದರು. ಕೂಸು ಕಣ್ಣನ್ನೂ ಪಿಳುಕಿಸಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಲಗೂ ಲಗೂ ಎದ್ದು ಹೋದರು. ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದರು.

ಎಲ್ಲರೂ ಹೋದ ಮೇಲೆ ನಾನು ಮಾಡಲು ಹೊರಟದ್ದನ್ನು ಹೇಳಿಬಿಡುತ್ತೇನೆ. ಡಬ್ಬಿ ಇನ್ನೂ ಕಪಾಟಿನಲ್ಲಿತ್ತು. ಹಾಲಿಗೆ ಅದರದೊಂದು ಚಿಟಿಕೆ ಹಾಕಿದರೆ ಕೂಸು ಕುಡಿಯುತ್ತದೆ. ಒಂದೇ ಚಿಟಿಕೆ. ಮುಚ್ಚಳ ತೆಗೆದೆ. ಬೆರಳು ಒಳಗೆ ಹೋಯಿತು.

"ಹಾಕಿದ್ರ ಕುಡೀತೈತಿ" ಎಂದರು ಅತ್ತೆ ಹಿಂದಿನಿಂದ. "ನಾಳಿ ಎರಡು ಚಿಟಿಕಿ ಬೇಡತೈತಿ."

ನನಗೆ ತಡೆಯಲಾಗಲಿಲ್ಲ. ಡಬ್ಬಿಯನ್ನು ಹಿತ್ತಲಿನ ಗೋಡೆಗೆ ಬೀಸಿ ಒಗೆದೆ. ಪುಡಿ ಹೊಗೆಯ ಹಾಗೆ ಎದ್ದಿತು. ಗಲ್ಲ ಉಬ್ಬಿದ ಆ ಕೂಸಿನ ಚಿತ್ರದ ಮೇಲೆ ಕಾಲಿಟ್ಟು ತುಳಿದೆ, ಅಂಗಡಿಯವನ ವಂಶಕ್ಕೆಲ್ಲ ಬೈದೆ. ಬೈಗುಳ ಮುಗಿದ ಮೇಲೆ ಅಳು ಬಂತು. ಆಮೇಲೊಂದು ದಿನ ಆ ಅಂಗಡಿಗೆ ಜಗಳಕ್ಕೆ ಹೋದದ್ದೂ ಉಂಟು. ಬಾಗಿಲಿಗೆ ಬೀಗ ಇತ್ತು, ಅವನು ಎಲ್ಲಿ ಹೋದ ಎಂದು ಪಕ್ಕದವರಿಗೂ ಗೊತ್ತಿರಲಿಲ್ಲ.

ನಾನು ಒಳಗೆ ಬಂದಾಗ ಅತ್ತೆ ಕೂಸನ್ನು ತಮ್ಮ ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದರು. ಉಳಿದದ್ದು ಕಿರೀಟ ಒಂದೇ. ಅದರಿಂದ ಕಾಳು ಬಿಚ್ಚಿ, ಮಲಮಲ್ ಅರಿವೆಯ ತುದಿಯಲ್ಲಿ ಕಟ್ಟಿ, ಹಾಲಿನಲ್ಲಿ ಅದ್ದಿ, ಕೂಸಿನ ಒಸಡಿಗೆ ಉಜ್ಜುತ್ತಿದ್ದರು. ಹಲ್ಲು ಬರುವ ಹೊತ್ತು, ಒಸಡು ತುರಿಸುತ್ತಿತ್ತೇನೋ. ಕೂಸು ಗಂಟನ್ನು ಕಚ್ಚಿತು. ಮುಳ್ಳು ಒಸಡಿಗೆ ತಗಲಿ, ಕರಗಿ, ಸಿಹಿ ಇಳಿಯಿತು. ಮುಖ ಸಿಂಡರಿಸಲಿಲ್ಲ. ಇನ್ನೊಮ್ಮೆ ಕಚ್ಚಿತು. ಅತ್ತೆ ಗಂಟನ್ನು ಹಾಲಿಗೆ ಅದ್ದಿ ಅದ್ದಿ ಕೊಟ್ಟರು. ಆಮೇಲೆ ಗಂಟು ತೆಗೆದು ಒಳಲೆ ಹಿಡಿದರು. ಗುಟುಕ್. ಮತ್ತೊಂದು ಗುಟುಕ್. ಒಳಲೆ ಖಾಲಿಯಾಯಿತು, ಉಗುಳಲಿಲ್ಲ.

"ಹ್ವಾದ ಸಲ ಇರುವಿ ತಿಂದುವು" ಎಂದರು ಅತ್ತೆ, ಕೂಸಿನ ಬಾಯಿ ಒರೆಸುತ್ತ. "ಈ ಸಲ ಕೂಸು ತಿನ್ಲಿ."

ಅವರ ಪಕ್ಕದಲ್ಲಿ ಕೂತು ಆ ಬೆಂದ ಬೆರಳುಗಳನ್ನು ಹಿಡಿದುಕೊಂಡೆ. ಅವರು ಕೊಸರಿಕೊಳ್ಳಲಿಲ್ಲ.

"ನಾ ಹೂವು ಬರದಿಡತಿದ್ದೆ ಸಕ್ಕರಿ ಮ್ಯಾಲ" ಎಂದೆ.

"ಗೊತ್ತೈತಿ. ಎಸಳು ಸೊಟ್ಟ ಇರತಿದ್ದುವು. ಸಕ್ಕರಿ ತಗೊಂಡ ಮ್ಯಾಲ ಮತ್ತ ನೆಟ್ಟಗ ಬರದು ಇಡತಿದ್ದೆ" ಎಂದರು.

ಅಳುತ್ತಲೇ ನಗು ಬಂತು ನನಗೆ. "ಕಳ್ಳಿ ಅಂದೆ ನಾ, ನಿಮ್ಮ ಮಗನ ಮುಂದ. ಆಗರ ಯಾಕ ಹೇಳಲಿಲ್ರಿ ಅತ್ತಿ?"

"ಹ್ವಾದ ಸಲ ಊರಿಗೆಲ್ಲ ತೋರಿಸಿ ಮಾಡಿದ್ದೆ" ಎಂದರು. ನನ್ನ ಮುಖ ನೋಡಿದರು. "ಮತ್ತ, ಹೇಳಿದ್ರ ನೀ ನಂಬತಿದ್ಯೇನು?"

ಸುಳ್ಳು ಹೇಳಬಹುದಿತ್ತು. ಆ ಮುಖದ ಎದುರಿಗೆ ಆಗಲಿಲ್ಲ.

"ಇಲ್ರಿ" ಎಂದೆ.

"ಹಾಂ" ಎಂದರು ಅತ್ತೆ, ಕೂಸನ್ನು ನನ್ನ ತೊಡೆಗೆ ಹಾಕಿದರು. "ಹಾಲು ಆರಾಕತ್ತೈತಿ. ಕುಡಸು."